ಅಂಗೈಯ ಮೇಲೊಂದು ವ್ಯಾಗನ್ನು

ನಾವು ಚಿಕ್ಕವರಾಗಿದ್ದಾಗ ರೈಲ್ವೆ ಗೇಟು ಹಾಕಿದರೆ ದೊಡ್ಡವರಿಗೆ ಗೊಣಗಾಟ, ನಮಗೆ ಹಬ್ಬ. ಅದರಲ್ಲಿಯೂ ಬರುವುದು ಗೂಡ್ಸ್ ಗಾಡಿಯಾಗಿದ್ದರೆ ಸಂತೋಷ ಇಮ್ಮಡಿಯಾಗುತ್ತಿತ್ತು. ಎಂಜಿನ್ನನ್ನು ಕಣ್ತುಂಬ ನೋಡಿ, ಡ್ರೈವರನಿಗೆ ಕೈಬೀಸಿ, ಅನಂತರ ವ್ಯಾಗನ್ನುಗಳನ್ನು ಎಣಿಸತೊಡಗುತ್ತಿದ್ದೆವು. ಮೂವತ್ತು ದಾಟುವ ಹೊತ್ತಿಗೆ ಅಣ್ಣನ ಲೆಕ್ಕಕ್ಕೂ ತಂಗಿಯ ಲೆಕ್ಕಕ್ಕೂ ತಾಳೆ ತಪ್ಪಿ ಜಗಳ ಆರಂಭವಾಗುತ್ತಿತ್ತು. ಜಗಳ ತೀರುವುದರೊಳಗೆ ಗಾರ್ಡಿನ ಡಬ್ಬಿಯೂ ಹಾದುಹೋಗಿ ಗೇಟು ತೆರೆಯುತ್ತಿತ್ತು. ಈಗ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ನಾವು ನೋಡುತ್ತಿದ್ದುದು ಎಂಜಿನ್ನನ್ನು. ವ್ಯಾಗನ್ನುಗಳನ್ನು ಎಣಿಸುತ್ತಿದ್ದೆವು ಅಷ್ಟೆ. ಅವುಗಳಲ್ಲಿ ಒಂದಕ್ಕೆ ಎಷ್ಟು ಬಾಗಿಲು, ಬ್ರೇಕಿನ ಹಿಡಿ ಯಾವ ಪಕ್ಕದಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ವ್ಯಾಗನ್ನನ್ನು ಬುಡದಿಂದ ತುದಿಯ ತನಕ ನೋಡುವ ಅವಕಾಶ ನನಗೆ ಒದಗಿದ್ದು ಕಳೆದ ಚಳಿಗಾಲದಲ್ಲಿ, ಇಂಗ್ಲೆಂಡಿನ ಡಾರ್ಬಿ ನಗರದಲ್ಲಿ. ಅಲ್ಲಿರುವ ಮಗಳ ಮನೆಗೆ ಮೂರು ತಿಂಗಳಿಗೆಂದು ಹೋಗಿದ್ದೆ. ಸಂಜೆ ನಾಲ್ಕು ಗಂಟೆಗೇ ಕತ್ತಲಾಗುವ ಆ ದಿನಗಳಲ್ಲಿ, ಕೆಲಸದಿಂದ ನಿವೃತ್ತನಾದ ಮನುಷ್ಯ ಮಾಡುವುದಾದರೂ ಏನು? ನೆರೆಮನೆಯ ವೃದ್ಧರು ನನ್ನ ಪಾಡನ್ನು ಕಂಡು, ಒಂದು ದಿನ ಅಂಗೈಯಗಲದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಕೈಯಲ್ಲಿಟ್ಟರು. ಪೆಟ್ಟಿಗೆ ನೋಡುವುದಕ್ಕೆ ಚಿಕ್ಕದು, ತೂಕದಲ್ಲಿ ಹಾಗಿರಲಿಲ್ಲ. ಮುಚ್ಚಳ ತೆಗೆದರೆ ಮಾಸಿದ ಬೆಳ್ಳಿಯ ಬಣ್ಣದ ಲೋಹದ ತುಂಡುಗಳು, ಎರಡು ಜೊತೆ ಗಾಲಿಗಳು, ಒಂದು ಹಾಳೆ ಸೂಚನೆ. ಇವನ್ನು ಜೋಡಿಸಿದರೆ ಒಂದು ಕಲ್ಲಿದ್ದಲಿನ ವ್ಯಾಗನ್ನು ಆಗುವುದೆಂದು ಅವರು ತಿಳಿಸಿದರು.

ಏಳು ವರ್ಷದ ಮೊಮ್ಮಗಳು ಪೆಟ್ಟಿಗೆಯೊಳಗೆ ಇಣುಕಿ, “ತಾತ, ಎಂಜಿನ್ ಎಲ್ಲಿ?” ಎಂದಳು. ಎಂಜಿನ್ ಇಲ್ಲ, ವ್ಯಾಗನ್ನು ಮಾತ್ರ ಎಂದೆ. “ಬರೀ ವ್ಯಾಗನ್ ಇಟ್ಟುಕೊಂಡು ಏನು ಮಾಡೋದು?” ಎಂದು ಕೇಳಿ ಹೊರಟೇಹೋದಳು. ಆ ಪ್ರಶ್ನೆಗೆ ಉತ್ತರ ಹೊಂದಿಸುವುದಕ್ಕೆ ನನಗೆ ಆರು ವಾರ ಹಿಡಿಯಿತು.

ಪೆಟ್ಟಿಗೆಯಲ್ಲಿದ್ದದ್ದು ಬ್ರಿಟಿಷ್ ರೈಲ್ವೆಯ 16 ಟನ್ನಿನ ಕಲ್ಲಿದ್ದಲು ವ್ಯಾಗನ್ನಿನ ಪ್ರತಿರೂಪ. ಅದರ ಅಸಲು ರೂಪವಾದರೋ ಅತ್ಯಂತ ಸಾಮಾನ್ಯವಾದದ್ದು. ಚಾವಣಿಯಿಲ್ಲದ ಒಂದು ಉಕ್ಕಿನ ತೊಟ್ಟಿ, ಕೆಳಗೆ ನಾಲ್ಕೇ ಗಾಲಿ, ಪಕ್ಕಗಳಲ್ಲಿ ಬಾಗಿಲು, ಒಂದು ತುದಿಯಲ್ಲಿ ಇನ್ನೊಂದು ಬಾಗಿಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಈ ಮಾದರಿಯನ್ನು ಯುದ್ಧಾನಂತರ ಎರಡು ಲಕ್ಷಕ್ಕೂ ಮೀರಿ ಕಟ್ಟಿದರು. 1948ರ ಜನವರಿ 1ರಂದು ಆ ದೇಶದ ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ ಸರ್ಕಾರದ ಕೈಗೆ ಬಂದ ವ್ಯಾಗನ್ನುಗಳ ಸಂಖ್ಯೆಯೇ ಸುಮಾರು ಹನ್ನೆರಡು ಲಕ್ಷ. ಅವುಗಳಲ್ಲಿ ಬಹುಪಾಲಿನ ಕೆಲಸ ಒಂದೇ: ಗಣಿಯ ಬಾಯಿಂದ ಕಲ್ಲಿದ್ದಲನ್ನು ಹೊತ್ತು ಗಿರಣಿಗೆ, ವಿದ್ಯುದಾಗಾರಕ್ಕೆ, ಬಂದರಿಗೆ, ಊರೂರಿನ ಒಲೆಗೆ ಮುಟ್ಟಿಸುವುದು. ಲಂಡನ್ನಿನ ಹೊಗೆಯನ್ನು ವರ್ಣಿಸಿದ ಲೇಖಕರು ಅನೇಕರು. ಆ ಹೊಗೆಯ ಮೂಲವನ್ನು ಬೆನ್ನಮೇಲೆ ಹೊತ್ತು ತಂದ ಈ ತೊಟ್ಟಿಗಳನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಇನ್ನು ಮಾದರಿಯ ವಿಚಾರ. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಒಂದು ಅಡಿಗೆ 4 ಮಿಲಿಮೀಟರಿನ ಅಳತೆ. ಎಂದರೆ ಅಸಲಿನ 76ರಲ್ಲಿ ಒಂದು ಪಾಲು. ಹದಿನಾರೂವರೆ ಅಡಿ ಉದ್ದದ ವ್ಯಾಗನ್ನು ಈ ಲೆಕ್ಕದಲ್ಲಿ 66 ಮಿಲಿಮೀಟರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಣ 9 ಅಡಿ ಅಂತರ 36 ಮಿಲಿಮೀಟರು. ಲೋಹ ಯಾವುದೆಂದರೆ ತವರ, ಸೀಸ, ಆಂಟಿಮನಿಗಳನ್ನು ಬೆರೆಸಿದ ಮಿಶ್ರಲೋಹ. ಬಿಳಿಲೋಹವೆಂದು ಅದನ್ನು ಕರೆಯುತ್ತಾರೆ. ಅದು ಕಡಿಮೆ ಕಾವಿಗೇ ಕರಗುವುದರಿಂದ ರಬ್ಬರಿನ ಅಚ್ಚಿನಲ್ಲಿಯೇ ಎರಕ ಹೊಯ್ಯಬಹುದು. ದುಂಡನೆಯ ಅಚ್ಚನ್ನು ಗಿರ್ರನೆ ತಿರುಗಿಸುತ್ತ ನಡುವಿಗೆ ಲೋಹವನ್ನು ಸುರಿದರೆ, ಮಜ್ಜಿಗೆ ಕಡೆಯುವಾಗ ಹನಿಗಳು ಅಂಚಿಗೆ ಸಿಡಿಯುವಂತೆ, ಅದು ಅಚ್ಚಿನ ಮೂಲೆಮೂಲೆಗೂ ನುಗ್ಗಿ ತುಂಬಿಕೊಳ್ಳುತ್ತದೆ. ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ರಿವೆಟ್ಟುಗಳೂ ಸ್ಪಷ್ಟವಾಗಿ ಮೂಡುತ್ತವೆ.

ಪ್ಲಾಸ್ಟಿಕ್ಕಿನ ತುಂಡುಗಳು ಬಂದ ಮೇಲೂ ಲೋಹದ ಪೆಟ್ಟಿಗೆಗಳು ಉಳಿದುಕೊಂಡದ್ದಕ್ಕೆ ಒಂದು ಕಾರಣ ತೂಕ. ವಾಚಕರು ಇಲ್ಲಿ ಒಂದು ಪುಟ್ಟ ಗಣಿತಕ್ಕೆ ಸಹನೆ ತೋರಬೇಕು. ಉದ್ದವನ್ನು 76ರಲ್ಲಿ ಒಂದಕ್ಕೆ ಇಳಿಸಿದರೆ ಅಗಲವೂ ಎತ್ತರವೂ ಅಷ್ಟೇ ಇಳಿಯುತ್ತವೆ; ಹೀಗಾಗಿ ತೂಕ ಮೂರು ಸಲ ಭಾಗಿಸಲ್ಪಟ್ಟು ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರದಲ್ಲಿ ಒಂದು ಪಾಲಾಗುತ್ತದೆ. ಬರಿದಾದ ವ್ಯಾಗನ್ನಿನ ತೂಕ ಸುಮಾರು 7 ಟನ್ನು. ಅದರ ಪ್ರತಿರೂಪ ನಿಜವಾಗಿ ತೂಗಬೇಕಾದದ್ದು ಕೇವಲ 16 ಗ್ರಾಂ! ಅಷ್ಟು ಹಗುರವಾದ ವಸ್ತು ಹಳಿಯ ಚಿಕ್ಕದೊಂದು ಕೊರಕಲಿಗೇ ಎಗರಿ ಬೀಳುತ್ತದೆ. ಆದುದರಿಂದ ಅಲ್ಲಿಯ ಹವ್ಯಾಸಿಗಳು ಪ್ರತಿಯೊಂದು ಇರುಸಿಗೂ 25 ಗ್ರಾಂ, ನಾಲ್ಕು ಗಾಲಿಯ ವ್ಯಾಗನ್ನಿಗೆ 50 ಗ್ರಾಂ ಇರಬೇಕೆಂದು ಒಂದು ವಾಡಿಕೆ ಇಟ್ಟುಕೊಂಡಿದ್ದಾರೆ. ಸೋಜಿಗವೆಂದರೆ, 16 ಟನ್ ಕಲ್ಲಿದ್ದಲು ತುಂಬಿದ ವ್ಯಾಗನ್ನನ್ನು ಇದೇ ಲೆಕ್ಕಕ್ಕೆ ಇಳಿಸಿದರೆ ಬರುವುದು ಸುಮಾರು 53 ಗ್ರಾಂ. ಎಂದರೆ, ಈ ಪುಟ್ಟ ಗಾಡಿ ಹಳಿಯ ಮೇಲೆ ನೆಟ್ಟಗೆ ಓಡಬೇಕಾದರೆ ಸದಾ ತುಂಬಿದ ಹೊರೆಯನ್ನು ಹೊತ್ತೇ ಇರಬೇಕು. ನಮ್ಮಲ್ಲಿ ಅನೇಕರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವಾರವೆಲ್ಲ ಶುಚಿ ಮಾಡುವುದರಲ್ಲಿಯೇ ಕಳೆಯಿತು. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಲೋಹ ಒಸರಿ, ಕೋಡುಬಳೆಯ ಅಂಚಿನಲ್ಲಿ ಹಿಟ್ಟು ಮೆತ್ತಿಕೊಂಡಂತೆ, ತೆಳ್ಳನೆಯ ಪೊರೆ ಉಳಿದಿರುತ್ತದೆ. ಅದನ್ನು ಚಾಕುವಿನಿಂದ ಹೆರೆದು ಸಣ್ಣ ಅರದಿಂದ ಉಜ್ಜಬೇಕು. ಲೋಹ ಮೆದುವಾದ್ದರಿಂದ ಅರದ ಹಲ್ಲುಗಳು ಬೇಗನೆ ಮುಚ್ಚಿಹೋಗುತ್ತವೆ. ಮೊದಲೇ ಅರಕ್ಕೆ ಸೀಮೆಸುಣ್ಣ ತಿಕ್ಕಿಟ್ಟರೆ ಈ ತೊಂದರೆ ಕಡಿಮೆ. ಸೊಟ್ಟಗಾದ ತುಂಡನ್ನು ಬೆರಳಿನಿಂದಲೇ ನಿಧಾನವಾಗಿ ನೆಟ್ಟಗೆ ಮಾಡಬಹುದು. ಆದರೆ ಅತ್ತಿಂದಿತ್ತ ಎರಡು ಮೂರು ಸಲ ಬಗ್ಗಿಸಿದರೆ ಮುರಿದೇಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಪೆಟ್ಟಿಗೆಗಳ ಲೋಹದಲ್ಲಿ ಸೀಸವಿರುತ್ತದೆ, ಸೀಸ ವಿಷ. ಮಕ್ಕಳ ಕೈಗೆ ಕೊಡಕೂಡದು, ಕೆಲಸದ ಮೇಜಿನ ಬಳಿ ತಿನ್ನಕೂಡದು, ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು, ಎದ್ದ ಕೂಡಲೆ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟ ತಪ್ಪಿಗೆ ಮಗಳಿಂದ ನಾನು ಎರಡು ಸಲ ಬೈಸಿಕೊಂಡೆ. ಎರಡು ಸಲವೂ ತಪ್ಪು ನನ್ನದೇ.

ಅನಂತರದ್ದು ಬೆಸುಗೆ. ನಮ್ಮ ಬೀದಿಗಳಿಗೆ ಕಲಾಯಿಯವನು ಬರುತ್ತಿದ್ದ ಕಾಲವನ್ನು ನೆನೆಯಿರಿ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ಹೊಗೆ ಏಳುತ್ತಿರುವಾಗಲೇ ತವರವನ್ನು ಬಟ್ಟೆಯಿಂದ ಬಳಿದನೆಂದರೆ ಹಿತ್ತಾಳೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ನವಸಾಗರವಿಲ್ಲದಿದ್ದರೆ ತವರ ಹಿಡಿಯುತ್ತಿರಲಿಲ್ಲ. ಇಲ್ಲಿಯೂ ತತ್ತ್ವ ಅದೇ. ನವಸಾಗರದ ಬದಲು ತೆಳುಮಾಡಿದ ಫಾಸ್ಫಾರಿಕ್ ಆಮ್ಲ. ತವರದ ಬದಲು ಬಿಸ್ಮತ್ ಬೆರೆತ, ಕೇವಲ 70 ಡಿಗ್ರಿ ಕಾವಿಗೆ ಕರಗುವ ವಿಶೇಷ ಬೆಸುಗೆ. ಏಕೆ ಇಷ್ಟು ಕಡಿಮೆ? ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನಿನ ತುದಿ ಮುನ್ನೂರು ಡಿಗ್ರಿಗೂ ಮೀರಿ ಕಾದಿರುತ್ತದೆ. ಬಿಳಿಲೋಹವಾದರೋ ಇನ್ನೂರರ ಆಸುಪಾಸಿಗೇ ಸೋತುಹೋಗುತ್ತದೆ. ಅಂಥ ಐರನ್ನನ್ನು ಮುಟ್ಟಿಸಿದರೆ, ರಿವೆಟ್ಟುಗಳ ಸಮೇತ ವ್ಯಾಗನ್ನಿನ ಒಂದು ಪಕ್ಕ ಕಣ್ಣೆದುರಿಗೆ ತುಪ್ಪದಂತೆ ಕರಗಿ ಹರಿದುಬಿಡುತ್ತದೆ. ನೆರೆಯವರು ಕಾವನ್ನು ತಿರುಗುಗುಂಡಿಯಿಂದ ನಿಯಂತ್ರಿಸುವ ತಮ್ಮ ಐರನ್ನನ್ನು ಎರವಲು ಕೊಟ್ಟರು. ಮೊದಲು ಕತ್ತರಿಸಿ ಬಿಸಾಡಿದ ತುಣುಕುಗಳ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದೂ, ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕೆಂದೂ ತಿಳಿಸಿದರು. ಈ ಬೆಸುಗೆಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ ಬೆರೆಸಿರುತ್ತಾರೆ. ಅದರ ಹೊಗೆ ಒಳ್ಳೆಯದಲ್ಲ.

ಒಂದು ಪಕ್ಕವನ್ನೂ ಒಂದು ತುದಿಯನ್ನೂ ಮೂಲೆಮಟ್ಟಕ್ಕೆ ಒತ್ತಿಹಿಡಿದು ಬೆಸೆದರೆ ಒಂದು ಮೂಲೆಯಾಯಿತು. ಅಂಥವು ಎರಡನ್ನು ಕೂಡಿಸಿದರೆ ತೊಟ್ಟಿಯಾಯಿತು. ತೊಟ್ಟಿ ಚೆನ್ನಾಗಿಯೇ ಬಂದಿತು. ನನ್ನ ಉತ್ಸಾಹ ಮೇರೆ ಮೀರಿತು. ಅದೇ ರಾತ್ರಿ, ಗಾಲಿಗಳನ್ನು ಹಿಡಿದುಕೊಳ್ಳುವ ಅಡಿಯ ಪಟ್ಟಿಗಳೆರಡನ್ನೂ ಅಳತೆ ನೋಡದೆ ಕಣ್ಣಂದಾಜಿನಲ್ಲಿ ಬೆಸೆದು, ಗಾಲಿಗಳನ್ನು ಸಿಕ್ಕಿಸಿ, ಮೇಜಿನ ಮೇಲೆ ನಿಲ್ಲಿಸಿ, ದೂರ ನಿಂತು ನೋಡಿದೆ. ಸಾಕ್ಷಾತ್ ವ್ಯಾಗನ್ನು! ಮಲಗುವ ಮುನ್ನ ಇನ್ನೊಂದು ಸಲ ದೀಪ ಹಾಕಿ ನೋಡಿ ಬಂದೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಮರುದಿನ ನೆರೆಯವರು ಬಂದರು. ಬಾಯಲ್ಲಿ ಏನೂ ಹೇಳಲಿಲ್ಲ. ಒಂದು ಗಾಜಿನ ಹಲಗೆಯ ಮೇಲೆ ವ್ಯಾಗನ್ನನ್ನು ಇಟ್ಟು, ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಒಂದೊಂದಾಗಿ ಗಾಲಿಗಳ ಕೆಳಗೆ ತೂರಿಸಿದರು. ಮೂರು ಗಾಲಿಗಳು ಕಾಗದವನ್ನು ಕಚ್ಚಿ ಹಿಡಿದವು. ನಾಲ್ಕನೆಯದರ ಕೆಳಗೆ ಅದು ಸಲೀಸಾಗಿ ಹಾದುಹೋಯಿತು. ನನ್ನ ವ್ಯಾಗನ್ನು ಮೂರು ಕಾಲಿನ ಮೇಲೆ ನಿಂತಿತ್ತು.

ಮೇಜಿನ ಮೇಲೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಬಣ್ಣ ಬಳಿದು ಕಪಾಟಿನಲ್ಲಿಟ್ಟರೆ ಜನ್ಮದಲ್ಲಿ ಕಾಣದು. ನನ್ನ ಮನಸ್ಸಿನಲ್ಲಿಯೂ ಆ ಆಲೋಚನೆ ಸುಳಿಯದೆ ಇರಲಿಲ್ಲ. ಇರುಸಿನ ಕೆಳಗೆ ಅಷ್ಟಿಷ್ಟು ಅಂಟು ತುಂಬಿ ತೇಪೆ ಹಾಕಿದರಾಗದೆ ಎಂದೂ ಕೇಳಿದೆ. ನೆಲಕ್ಕೆ ತಾಗದ ಗಾಲಿ ತಿರುವಿನಲ್ಲಿ ಹಳಿ ತಪ್ಪುವುದು ನಿಶ್ಚಯ, ಅದು ತಪ್ಪಿದರೆ ತಾನೊಂದೇ ಬೀಳದೆ ಮುಂದಿನದನ್ನೂ ಹಿಂದಿನದನ್ನೂ ಎಳೆದುಕೊಂಡೇ ಬೀಳುವುದು ಎಂದು ಅವರು ಮೆಲ್ಲನೆ ವಿವರಿಸಿದರು. ಆಮೇಲೆ ತಪ್ಪನ್ನು ಅಳಿಸುವ ಉಪಾಯವನ್ನೂ ತಿಳಿಸಿದರು. ಅದನ್ನು ಕೇಳಿ ನಾನು ನಕ್ಕುಬಿಟ್ಟೆ. ಕುದಿಯುವ ನೀರು!

ಬೆಸುಗೆ ಕರಗುವುದು 70 ಡಿಗ್ರಿಗೆ. ನೀರು ಕುದಿಯುವುದು 100ಕ್ಕೆ. ಬಿಳಿಲೋಹಕ್ಕೆ ಅದರಿಂದ ಏನೂ ಆಗದು. ನಾನು ಅಡಿಗೆಮನೆಗೆ ಹೊರಟದ್ದನ್ನು ಕಂಡ ಮಗಳು, “ಅಪ್ಪಾ, ಹಾಲಿನ ಪಾತ್ರೆ ಮಾತ್ರ ಮುಟ್ಟಬೇಡಿ!” ಎಂದು ಕೂಗಿದಳು. ಅವಳ ಮಾತು ಸರಿ. ಸೀಸದ ಕೆಲಸಕ್ಕೆ ಅಡಿಗೆಯ ಪಾತ್ರೆ ಸಲ್ಲದು. ಹಿತ್ತಲಿನಲ್ಲಿ, ಬಿಸಾಡಬೇಕಾಗಿದ್ದ ಒಂದು ತಗಡಿನ ಡಬ್ಬಿಯಲ್ಲಿ ವ್ಯಾಗನ್ನನ್ನಿಟ್ಟು ಕೆಟಲಿನಿಂದ ಕುದಿನೀರು ಸುರಿದೆ. ಒಂದೆರಡು ನಿಮಿಷಗಳಲ್ಲಿ ಹತ್ತು ದಿನಗಳ ಕೆಲಸ ಟಪ್ಪೆಂದು ಬಿಚ್ಚಿಕೊಂಡು ತಳಕ್ಕೆ ಬಿದ್ದಿತು. ನೋವೇನೋ ಆಯಿತು; ಆದರೆ ತುಂಡುಗಳೆಲ್ಲ ಮೊದಲಿನಂತೆ ಕೆಡದೆ ಉಳಿದಿದ್ದವು. ಮಾಡಿದ ತಪ್ಪನ್ನು ಇಷ್ಟು ಪೂರ್ತಿಯಾಗಿ ಹಿಂತೆಗೆದುಕೊಳ್ಳುವ ಸೌಕರ್ಯ ಸಂಸಾರದಲ್ಲಿ ಬೇರೆ ಎಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಎರಡನೆಯ ಸಲ ಕೆಳಗಿನಿಂದ ಆರಂಭಿಸಿದೆ. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದು. ನಾಲ್ಕು ಕಾಲಿನ ಕುರ್ಚಿ ನೆಲ ಸ್ವಲ್ಪ ಹೆಚ್ಚುಕಡಿಮೆಯಾದರೂ ಕುಂಟುತ್ತದೆ. ಆದುದರಿಂದ ಕೆಲವು ಹವ್ಯಾಸಿಗಳು ಒಂದು ಇರುಸನ್ನು ಬಿಗಿಯಾಗಿ ನಿಲ್ಲಿಸಿ, ಇನ್ನೊಂದನ್ನು ನಡುವಿನ ಒಂದೇ ಬಿಂದುವಿನ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗಾಡಲು ಬಿಡುತ್ತಾರೆ. ಆಗ ನಾಲ್ಕು ಗಾಲಿಯ ಗಾಡಿ ಮೂರು ಕಾಲಿನ ಮಣೆಯಂತೆ ವರ್ತಿಸಿ, ಪ್ರತಿಯೊಂದು ಗಾಲಿಯೂ ಹಳಿಯನ್ನು ಬಿಡದೆ ಹಿಡಿಯುತ್ತದೆ. ನನ್ನ ಕೈ ಅಷ್ಟು ಪಳಗಿರಲಿಲ್ಲ. ನಾನು ಎರಡು ಇರುಸುಗಳನ್ನೂ ಬಿಗಿಯಾಗಿಯೇ ಇಟ್ಟು, ಗಾಜಿನ ಮೇಲೆ ಗಾಲಿಗಳ ಸಮೇತ ಹೊಂದಿಸಿ, ಕಾಗದದ ಪಟ್ಟಿಯನ್ನು ನಾಲ್ಕೂ ಕಡೆ ತೂರಿಸಿ ನೋಡಿ, ಆ ಮೇಲೆ ಬೆಸೆದೆ.

ಗಾಲಿಗಳ ಇರುಸಿನ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಅದು ಕೂರುವುದು ಸಾಸಿವೆ ಹಿಡಿಯುವಷ್ಟು ಪುಟ್ಟದಾದ ಹಿತ್ತಾಳೆಯ ಬಟ್ಟಲಿನಲ್ಲಿ. ಕಡಿಮೆ ಕಾವಿನ ಬೆಸುಗೆ ಹಿತ್ತಾಳೆಗೆ ಒಗ್ಗದು. ಆದ್ದರಿಂದ ಬಟ್ಟಲಿಗೆ ಮೊದಲು ಸಾಮಾನ್ಯ ಬೆಸುಗೆಯ ಲೇಪ ಕೊಡಬೇಕು. ಇದು ಕಲಾಯಿಯೇ ಸರಿ. ಕೊನೆಗೆ ಆಮ್ಲದ ಸೋಂಕು ಉಳಿಯದಂತೆ ಎಲ್ಲವನ್ನೂ ತೊಳೆಯಬೇಕು. ಉಳಿದರೆ ಮುಂದೆ ಬಣ್ಣದಡಿಯಲ್ಲಿ ಲೋಹ ಕಿಲುಬುತ್ತದೆ. ಮುಗಿದ ಮೇಲೆ ಗಾಜಿನ ಒಂದು ತುದಿಯನ್ನು ಪುಸ್ತಕದ ಮೇಲೆ ಎತ್ತಿಟ್ಟು ವ್ಯಾಗನ್ನನ್ನು ಬಿಟ್ಟೆ. ಅದು ಸದ್ದಿಲ್ಲದೆ ತಾನಾಗಿ ಇಳಿದು ಬಂದಿತು. ನೆರೆಯವರು ತಲೆಯಾಡಿಸಿದರು. ಶಾಲೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾದಾಗಲೂ ನನಗೆ ಇಷ್ಟು ಸಂತೋಷವಾದ ನೆನಪಿಲ್ಲ.

ಈ ನಿಷ್ಠುರದ ನಡುವೆ ಒಂದು ದೊಡ್ಡ ಸುಳ್ಳು ಮಾತ್ರ ಹಿಂದಿನಿಂದ ನಡೆದುಬಂದಿದೆ. ಹಳಿಗಳ ನಡುವಿನ ಅಂತರ ಅಸಲಿನಲ್ಲಿ 4 ಅಡಿ 8½ ಅಂಗುಲ. ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ ಅದು 18.83 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಕ್ಕುವ ಹಳಿ 16.5 ಮಿಲಿಮೀಟರಿನದು, ಅದು ಅಡಿಗೆ 3.5 ಮಿಲಿಮೀಟರಿನ ಇನ್ನೊಂದು ಅಳತೆಯ ಹಳಿ. ಬ್ರಿಟನ್ನಿನ ಎಂಜಿನ್ನುಗಳು ಯೂರೋಪಿನ ಇತರ ದೇಶಗಳವುಗಳಿಗಿಂತ ಗಾತ್ರದಲ್ಲಿ ಚಿಕ್ಕವಾದ್ದರಿಂದ ಅಂದಿನ ಮೋಟಾರುಗಳು ಅವುಗಳ ಮಾದರಿಯೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೇಲಿನ ಗಾಡಿಯನ್ನು ಹಿಗ್ಗಿಸಿ ಕೆಳಗಿನ ಹಳಿಯನ್ನು ಹಾಗೆಯೇ ಬಿಟ್ಟರು. ಎಂಜಿನ್ನಿಗಾಗಿ ಮಾಡಿಕೊಂಡ ಈ ರಾಜಿಯಿಂದ, ಮೋಟಾರೇ ಇಲ್ಲದ ವ್ಯಾಗನ್ನು ಕೂಡ ಅಸಲಿನ ಲೆಕ್ಕದಲ್ಲಿ ಏಳು ಅಂಗುಲ ಕಿರಿದಾದ ಹಾದಿಯಲ್ಲಿ ನಡೆಯಬೇಕಾಯಿತು. ಇದನ್ನು ಸಹಿಸಲಾರದೆ ತಮ್ಮ ಹಳಿಗಳನ್ನು ತಾವೇ 18.83ಕ್ಕೆ ಕಟ್ಟಿಕೊಳ್ಳುವ ಹಟಮಾರಿಗಳೂ ಅಲ್ಲಿ ಇದ್ದಾರೆ.

ಉಳಿದದ್ದು ಬ್ರೇಕಿನ ಕೆಲಸ. ಗಾಲಿಗೆ ತಾಗಿಯೂ ತಾಗದಂತೆ ಬ್ರೇಕಿನ ಕಟ್ಟೆಗಳನ್ನು ಕೂರಿಸಿ, ಪಕ್ಕದಲ್ಲಿ ಉದ್ದನೆಯ ಹಿಡಿಯನ್ನು ಜೋಡಿಸಬೇಕು. ಇದನ್ನು ಮಾಡುವಾಗ ನೆರೆಯವರು ತಮ್ಮ ತಂದೆಯ ವಿಷಯ ತೆಗೆದರು. ಡಾರ್ಬಿಗೂ ನಾಟಿಂಗ್‌ಹ್ಯಾಮಿಗೂ ನಡುವೆ ಟೋಟನ್ ಎಂಬಲ್ಲಿ ಸುತ್ತಲಿನ ಗಣಿಗಳ ಕಲ್ಲಿದ್ದಲನ್ನೆಲ್ಲ ವಿಂಗಡಿಸುವ ಭಾರಿ ಯಾರ್ಡು ಇದ್ದಿತು. ಅವರ ತಂದೆ ಅಲ್ಲಿ ಷಂಟಿಂಗ್ ಕೆಲಸದಲ್ಲಿದ್ದವರು. ಇಂಥ ವ್ಯಾಗನ್ನುಗಳಲ್ಲಿ ಬಹುಪಾಲಿಗೆ ಎಂಜಿನ್ನಿನಿಂದ ಹಿಡಿಯುವ ಬ್ರೇಕು ಇರಲಿಲ್ಲ, ಕೈಬ್ರೇಕೊಂದೇ. ಚಲಿಸುತ್ತಿರುವ ವ್ಯಾಗನ್ನಿನ ಪಕ್ಕದಲ್ಲಿ, ಮಂಜಿನಲ್ಲಿ, ಕತ್ತಲಲ್ಲಿ, ಮಳೆಯಲ್ಲಿ ಓಡುತ್ತ, ಮರದ ದೊಣ್ಣೆಯಿಂದ ಆ ಹಿಡಿಯನ್ನು ಅದುಮಬೇಕು. ತುದಿಗೆ ಕೊಕ್ಕೆಯಿರುವ ಉದ್ದನೆಯ ಗಳುವಿನಿಂದ ಮೂರು ಬಳೆಯ ಕೊಂಡಿಯನ್ನು ಎತ್ತಿ ಇನ್ನೊಂದರ ಕೊಕ್ಕೆಗೆ ಹಾಕಬೇಕು. ಕಾಲು ಜಾರಿದರೆ ಮುಗಿಯಿತು. ಇಳಿಜಾರು ಬಂದರೆ ಇಡೀ ಗಾಡಿಯನ್ನು ನೆತ್ತಿಯಲ್ಲಿ ನಿಲ್ಲಿಸಿ, ಸಾಕಷ್ಟು ವ್ಯಾಗನ್ನುಗಳ ಬ್ರೇಕನ್ನು ಒಂದೊಂದಾಗಿ ಕೈಯಿಂದ ಬಿಗಿದ ಮೇಲೆಯೇ ಇಳಿಯುವುದು. ಕೊನೆಯ ಡಬ್ಬಿಯ ಗಾರ್ಡು ತನ್ನ ಬ್ರೇಕಿನಿಂದ ಕೊಂಡಿಗಳು ಸಡಿಲವಾಗದಂತೆ ಎಳೆದು ಹಿಡಿದಿರುವುದು. ನನ್ನ ಬೆರಳ ತುದಿಯಲ್ಲಿ ಕಡ್ಡಿಯಷ್ಟಿದ್ದ ಆ ಹಿಡಿಯನ್ನು ಬೆಸೆಯುವಾಗ ಕೈ ಸ್ವಲ್ಪ ನಿಧಾನವಾಯಿತು.

ಕಡೆಗೆ ಬಣ್ಣ. ಕೈಬ್ರೇಕು ಮಾತ್ರವಿರುವ ವ್ಯಾಗನ್ನಿಗೆ ಬೂದುಬಣ್ಣ, ಪಕ್ಕದಲ್ಲಿ ಬಿಳಿಯ ಸಂಖ್ಯೆಗಳು, ಮತ್ತು ಓರೆಯಾಗಿ ಒಂದು ಬಿಳಿಯ ಪಟ್ಟೆ. ಈ ಪಟ್ಟೆ ಅಲಂಕಾರವಲ್ಲ. ತುದಿಯ ಬಾಗಿಲು ಯಾವ ಕಡೆ ಇದೆಯೆಂದು ದೂರದಿಂದಲೇ ತಿಳಿಯಲೆಂದು ಅದನ್ನು ಬಳಿಯುತ್ತಿದ್ದರು. ಬಂದರಿನಲ್ಲಿ ವ್ಯಾಗನ್ನನ್ನೇ ಎತ್ತಿ ವಾಲಿಸಿ ಕಲ್ಲಿದ್ದಲನ್ನು ಹಡಗಿಗೆ ಸುರಿಯುವಾಗ ಆ ಬಾಗಿಲು ಕೆಳಗಿನ ಕಡೆಗೇ ಇರಬೇಕಷ್ಟೆ. ಹೊಸ ಬಣ್ಣದಲ್ಲಿ ವ್ಯಾಗನ್ನು ಆಟದ ಸಾಮಾನಿನಂತೆ ಕಂಡಿತು. ಅಲ್ಲಲ್ಲಿ ತುಕ್ಕಿನ ಕಂದು, ಮೂಲೆಗಳಲ್ಲಿ ಮಸಿ ತಾಗಿಸಿದ ಮೇಲೆ, ಕೆಲಸ ಮಾಡಿ ದಣಿದ ಕಳೆ ಬಂದಿತು. ಅಡಿಗೆಮನೆಯ ತಕ್ಕಡಿಯ ಮೇಲೆ ಕಾಗದ ಹಾಸಿ ತೂಗಿದೆ: 70 ಗ್ರಾಂ.

ಇಷ್ಟರಲ್ಲಿ ಮೊಮ್ಮಗಳ ಪ್ರಶ್ನೆಗೆ ಉತ್ತರವೂ ಸಿಕ್ಕಿದ್ದಿತು. ಅದು ನನಗೆ ದೊರೆತದ್ದು ನೆರೆಯವರ ಪುಸ್ತಕಗಳಲ್ಲಿ. ವೇಲ್ಸಿನ ದಕ್ಷಿಣ ತೀರದಲ್ಲಿ ಬ್ಯಾರಿ ಎಂಬ ಬಂದರು ಇದೆ. ಅಲ್ಲಿ ವುಡ್‌ಹ್ಯಾಮ್ ಸಹೋದರರ ಗುಜರಿ ಅಂಗಳವಿದ್ದಿತು. ಬ್ರಿಟಿಷ್ ರೈಲ್ವೆ ಉಗಿ ಎಂಜಿನ್ನುಗಳನ್ನು ಕೈಬಿಡತೊಡಗಿದಾಗ, 1959ರಿಂದಾಚೆಗೆ, ಈ ಅಂಗಳ ಒಟ್ಟು 297 ಎಂಜಿನ್ನುಗಳನ್ನು ಒಡೆದು ಮಾರುವುದಕ್ಕೆಂದು ಕೊಂಡಿತು. ಅದೇ ಕಾಲದಲ್ಲಿ ಹಳೆಯ ವ್ಯಾಗನ್ನುಗಳೂ ರಾಶಿರಾಶಿಯಾಗಿ ಬಂದವು. ಎಂಜಿನ್ನನ್ನು ಒಡೆಯುವುದು ತ್ರಾಸದ ಕೆಲಸ. ವ್ಯಾಗನ್ನನ್ನು ಕತ್ತರಿಸುವುದು ಸುಲಭ, ಬೇಗನೆ ದುಡ್ಡು ಬರುವಂಥದು. ಆದುದರಿಂದ ಅಂಗಳದ ಯಜಮಾನ ಡೈ ವುಡ್‌ಹ್ಯಾಮ್ ಮೊದಲು ವ್ಯಾಗನ್ನುಗಳನ್ನು ಕತ್ತರಿಸಲು ಕೆಲಸಗಾರರನ್ನು ಹಚ್ಚಿ, ಎಂಜಿನ್ನುಗಳನ್ನು ಸಾಲಾಗಿ ಬದಿಗೆ ನಿಲ್ಲಿಸಿದರು. ವರ್ಷಗಳು ಕಳೆದವು. ಎಂಜಿನ್ನುಗಳು ಕಡಲ ಗಾಳಿಗೆ ತುಕ್ಕು ಹಿಡಿಯುತ್ತ ನಿಂತವು. ಅಷ್ಟರಲ್ಲಿ ಅವನ್ನು ಉಳಿಸಬೇಕೆಂಬ ಜನ ಹುಟ್ಟಿಕೊಂಡರು. 1968ರಲ್ಲಿ ಮೊದಲನೆಯದು ಅಲ್ಲಿಂದ ಬಿಡುಗಡೆ ಹೊಂದಿತು. ಒಟ್ಟು 213 ಎಂಜಿನ್ನುಗಳು ಹೀಗೆ ಪಾರಾದವು. ಅವುಗಳಲ್ಲಿ ಅನೇಕವನ್ನು ಮತ್ತೆ ಉಗಿಯೆಬ್ಬಿಸಿ ಓಡಿಸಿದ್ದಾರೆ. ಜನ ಟಿಕೆಟು ಕೊಂಡು ಅವುಗಳ ಹಿಂದೆ ಕುಳಿತು ಸಂತೋಷಪಡುತ್ತಾರೆ.

ಆ ಎಂಜಿನ್ನುಗಳು ಬದುಕಿದ್ದು ಹೇಗೆ? ಅವುಗಳ ಬದಲು ಪ್ರತಿನಿತ್ಯ ವ್ಯಾಗನ್ನುಗಳು ಸುತ್ತಿಗೆಗೂ ಉರಿಗೂ ಈಡಾದುದರಿಂದ. ಎಂಜಿನ್ನಿಗೆ ಹೆಸರಿದ್ದಿತು, ಅಭಿಮಾನಿಗಳಿದ್ದರು. ವ್ಯಾಗನ್ನಿಗೆ ಒಂದು ಸಂಖ್ಯೆ ಮಾತ್ರ. 16 ಟನ್ನಿನವು 1980ರ ದಶಕದಲ್ಲಿ ಬಹುಮಟ್ಟಿಗೆ ಕಣ್ಮರೆಯಾದವು. ಲಕ್ಷಗಟ್ಟಲೆ ಇದ್ದವುಗಳಲ್ಲಿ ಇಂದು ಹಳೆಯ ರೈಲುಗಳನ್ನು ಕಾಪಾಡುವವರ ಬಳಿ ಉಳಿದಿರುವುದು ಕೆಲವೇ ಕೆಲವು. ಹೀಗಿರಲು, ಒಬ್ಬ ಮುದುಕ ಊಟದ ಮೇಜಿನ ಮೇಲೆ ಕುಳಿತು, ಯಾರೂ ನೋಡದ ಅಡಿಭಾಗವನ್ನೂ ಸರಿಯಾಗಿ ಅಳೆದು, ಬ್ರೇಕಿನ ಹಿಡಿ ಇರಬೇಕಾದ ಪಕ್ಕದಲ್ಲಿಯೇ ಇರಿಸಿ, ಒಂದು ವ್ಯಾಗನ್ನನ್ನು ಕಟ್ಟುವುದು ವ್ಯರ್ಥ ಕಾಲಹರಣವೆಂದು ನನಗೆ ಆ ಮೇಲೆ ಅನಿಸಲಿಲ್ಲ. ಮನೆಯಲ್ಲಿಯೂ ಕಚೇರಿಯಲ್ಲಿಯೂ ಎಂಜಿನ್ನಿನ ಹೆಸರನ್ನು ಎಲ್ಲರೂ ಬಲ್ಲರು. ಹೊರೆ ಹೊತ್ತವರನ್ನು ಎಣಿಸುತ್ತೇವೆಯೇ ಹೊರತು ನಿಂತು ನೋಡುವುದಿಲ್ಲ.

ಹೊರಡುವ ಹಿಂದಿನ ದಿನ ನೆರೆಯವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ನೆಲ್ಲಿಕಾಯಿ ಗಾತ್ರದ ಒಂದು ಕಲ್ಲಿದ್ದಲಿನ ಉಂಡೆ ತೆಗೆದರು. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ, ಪುಡಿಯನ್ನು ವ್ಯಾಗನ್ನಿಗೆ ತುಂಬಿ, ಅಂಟು ಬೆರೆತ ನೀರನ್ನು ಹನಿಹನಿಯಾಗಿ ಹಾಕಿದೆವು. ಮೊಮ್ಮಗಳು ಕಲ್ಲಿದ್ದಲನ್ನು ಕಂಡದ್ದು ಅದೇ ಮೊದಲು. ಅದರಲ್ಲಿ ಸೋಜಿಗವೇನೂ ಇಲ್ಲ. ಆ ದೇಶದ ಕಟ್ಟಕಡೆಯ ಕಲ್ಲಿದ್ದಲು ವಿದ್ಯುದಾಗಾರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ರ‍್ಯಾಟ್‌ಕ್ಲಿಫ್-ಆನ್-ಸೋರ್ ಎಂಬ ಆ ಸ್ಥಾವರ ಇದ್ದದ್ದು ಅವರ ಮನೆಗೆ ಕೆಲವೇ ಮೈಲಿ ದೂರದಲ್ಲಿ.

ಕೈ ಹಾಕದೆ ದೂರದಿಂದಲೇ ನೋಡಬೇಕೆಂಬ ಕರಾರಿನ ಮೇಲೆ ಅವಳನ್ನು ಮೇಜಿನ ಬಳಿ ಕೂರಿಸಿ, ನೆರೆಯವರು ತಂದ ಒಂದು ಗೇಣು ಹಳಿಯ ಮೇಲೆ ವ್ಯಾಗನ್ನನ್ನು ಇಟ್ಟು ಮೆಲ್ಲನೆ ನೂಕಿದೆ. ಅದು ನಾಲ್ಕೂ ಗಾಲಿಗಳ ಮೇಲೆ ಓಡಿ, ತುದಿಯಲ್ಲಿ ಅಡ್ಡವಿಟ್ಟ ಪುಸ್ತಕಕ್ಕೆ ಬಫರು ತಾಗಿಸಿ ನಿಂತಿತು. ಟೋಟನ್ನಿನ ಆ ಮನುಷ್ಯ ಮಳೆಯಲ್ಲಿ ಓಡುತ್ತಿದ್ದ ಕತೆಯನ್ನು ಅವಳಿಗೆ ಹೇಳಿದೆ. ಅವಳು ಮುಖವನ್ನು ಹಳಿಯ ಮಟ್ಟಕ್ಕೆ ಇಳಿಸಿ, ಬಹಳ ಹೊತ್ತು ನೋಡಿ, “ತಾತ, ಆ ಕಡೆಗೂ ಬ್ರೇಕ್ ಇದೆಯಾ?” ಎಂದು ಕೇಳಿದಳು. ಎಂಜಿನ್ನಿನ ಮಾತೇ ಎತ್ತಲಿಲ್ಲ. ಇದೆ ಎಂದು ವ್ಯಾಗನ್ನನ್ನು ತಿರುಗಿಸಿ ತೋರಿಸಿದೆ.